ರಿಪೇರಿಗೆ ಹೋದ ರೈಫಲ್

ಶಹಾಪುರದ ನಮ್ಮ ಶಾಲೆಯ ಪಿ.ಟಿ. ಮೇಡಂ ನನಗಾಗಿ ತರಿಸಿದ ಹೊಸ ಏರ್ ರೈಫಲ್‌ನಲ್ಲಿ ಮೊದಲ ದಿನದಿಂದಲೇ ಗಾಳಿ ಸೋರುತ್ತಿತ್ತು. ವಾರಂಟಿ ರಿಪೇರಿಗೆ ಕಳಿಸಿ ಮೂರು ತಿಂಗಳಾದರೂ ಕಂಪನಿಯವರು ಪಾರ್ಟ್ ಬಂದಿಲ್ಲ ಎನ್ನುತ್ತಿದ್ದರು. "ತುಸು ಸಬೂರ್ ಮಾಡವ್ವ" ಎನ್ನುತ್ತಾ ಮೇಡಂ ದಿನವೂ ರೈಫಲ್ ಬದಲು ಮರಳು ತುಂಬಿದ ಪೈಪು ಕೊಟ್ಟು ಗುರಿ ಹಿಡಿಸುತ್ತಿದ್ದರು. ನನ್ನ ಭುಜ ಬಿಗಿಯಾದರೆ ಎರಡು ಬೆರಳಿನಿಂದ ತಟ್ಟಿ ಸಡಿಲಿಸುತ್ತಿದ್ದರು.

ಯಾದಗಿರಿಯಲ್ಲಿ ಶೂಟಿಂಗ್ ಸ್ಪರ್ಧೆಯ ದಿನ ಮೇಡಂ ಬೇರೆ ಶಾಲೆಯ ಸರ್ ಬಳಿ ಹೋಗಿ, "ನಿಮ್ಮ ರೈಫಲ್ ಒಂದ್ ಸರ್ತಿ ಕೊಡ್ರಿ ಸರ್, ಹುಡುಗಿ ಭಾಳ ದಿನದಿಂದ ಕಾಯಾಕತ್ತಾಳ" ಎಂದು ಕೇಳಿದರು. ಅವರು ಕೊಟ್ಟರು. ನಾನು ಐದನೆಯವಳಾದೆ.

ಬಸ್ ನಿಲ್ದಾಣದಲ್ಲಿದ್ದಾಗ ಕಂಪನಿಯ ಫೋನು ಬಂತು. ಇನ್ನೊಂದು ವಾರ ಬೇಕಂತೆ. "ಇವತ್ತ ಆಕಿ ಮಂದಿ ರೈಫಲ್ ಹಿಡದು ಹೊಡದಾಳ್ರಿ" ಎಂದರು ಮೇಡಂ. ಫೋನಿಟ್ಟ ಮೇಲೆ ನನ್ನ ಮುಖ ನೋಡಲಾರದೆ, ಬಸ್ಸು ಬರುವ ತನಕ ನನ್ನ ಬ್ಯಾಗನ್ನು ತಾವೇ ಹಿಡಿದುಕೊಂಡು ನಿಂತರು.