ಎಕ್ಸ್‌ರೇ ಅಕ್ಕ ಸ್ಕ್ಯಾನರ್ ಕೊಂಡದ್ದು

ಎಕ್ಸ್‌ರೇ ಅಕ್ಕ ಗಂಡನ ಮನೆ ಬಿಟ್ಟು ಹೊರಟಾಗ ಅವಳ ಒಂದು ಕೈಯಲ್ಲಿ ಮಗಳ ಕೈಯಿತ್ತು, ಇನ್ನೊಂದರಲ್ಲಿ ಬಟ್ಟೆಯ ಸೂಟ್‌ಕೇಸಿತ್ತು. ಮೆಟ್ಟಿಲಿಳಿಯುವಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಒಂದು ತಗಡಿನ ಡಬ್ಬಿಯನ್ನು ಬಾಗಿಲ ಮುಂದೆ ಕುಕ್ಕಿದರು.

"ಈ ನಿನ್ನ ಆಸ್ಪತ್ರೆ ಕಸಾನೂ ತಗೊಂಡು ಹೋಗು. ನಮಗ್ಯಾಕೆ?"

ಡಬ್ಬಿಯ ತುಂಬ ಎಕ್ಸ್‌ರೇ ಫಿಲ್ಮಿನ ಕಂದು ಲಕೋಟೆಗಳಿದ್ದವು. ಅವುಗಳಲ್ಲಿ ಯಾರ್ಯಾರದೋ ಮುರಿದ ಮೂಳೆಗಳಿವೆ ಎಂದೇ ಅತ್ತೆ ನಂಬಿದ್ದರು. ನಿಜವಾಗಿ ಇದ್ದದ್ದು ಮದುವೆಯಿಂದ ಹಿಡಿದು ಅಲ್ಲಿಯವರೆಗಿನ ಆ ಮನೆಯ ಎಲ್ಲ ಫೋಟೋಗಳ ನೆಗೆಟಿವ್‌ಗಳು, ಜೊತೆಗೆ ಮೈದುನ ಹುಚ್ಚು ಹಿಡಿದವನಂತೆ ತೆಗೆಯುತ್ತಿದ್ದ ಸ್ಲೈಡುಗಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತ ದಿನವೂ ಫಿಲ್ಮಿನೊಂದಿಗೇ ಬದುಕುವ ಅವಳು ಅವಕ್ಕೆ ಗೀರು ಬೀಳದಿರಲೆಂದು ಖಾಲಿ ಲಕೋಟೆಗಳಲ್ಲಿ ತುಂಬಿಟ್ಟಿದ್ದಳು. ಸೂಟ್‌ಕೇಸನ್ನು ಮಗಳ ಕೈಗೆ ದಾಟಿಸಿ ಡಬ್ಬಿಯನ್ನು ಕಂಕುಳಿಗೇರಿಸಿಕೊಂಡು ನಡೆದಳು.

ಆ ಮನೆಯವರಿಗೆ ಸೊಸೆ ಬೇಕಿತ್ತು, ಸೊಸೆಯ ಕೆಲಸ ಬೇಡವಾಗಿತ್ತು. ಕೆಲಸ ಬಿಡು ಎಂದರು, ಬಿಡಲಿಲ್ಲ. ಗಂಡ ಕೆಟ್ಟವನೇನಲ್ಲ, ಆದರೆ ಅಮ್ಮ ಏನೆಂದರೂ ಗೋಣು ಹಾಕುವವನು. ಬಿಟ್ಟು ಬಂದದ್ದೇಕೆ ಎಂದು ಕೇಳಿದವರಿಗೆ ಅವಳದು ಒಂದೇ ಮಾತು: "ಕುತ್ತಿಗೆ ಎಕ್ಸ್‌ರೇ ತೆಗೆದು ನೋಡಿದೆ. ಒಂದೇ ಕಡೆ ಬಾಗುತ್ತೆ."

ಮಗಳು ಶಾಲೆಯ ರಜೆಗಳಲ್ಲಿ ಅಪ್ಪನ ಮನೆಗೆ ಹೋಗಿ ಬರುತ್ತಿದ್ದಳು. ಒಂದು ಸಲ ಬಂದವಳು ಚಪ್ಪಲಿ ಕಳಚದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಮ್ಮಾ, ಆಲ್ಬಮ್ಮಲ್ಲಿ ನೀನು ಇಲ್ಲ."

ಎಕ್ಸ್‌ರೇ ಅಕ್ಕ ನಿಂತಲ್ಲೆಲ್ಲ ಅಜ್ಜಿ ಕತ್ತರಿ ಆಡಿಸಿದ್ದರು. ಫೋಟೋಗಳಲ್ಲಿ ತೂತುಗಳಿದ್ದವು, ತೂತುಗಳಲ್ಲಿ ಆಲ್ಬಮ್ಮಿನ ಕಪ್ಪು ಹಾಳೆ ಕಾಣುತ್ತಿತ್ತು. ಒಂದರಲ್ಲಿ ಅಪ್ಪನ ಭುಜದ ಮೇಲೆ ನಾಲ್ಕು ಬೆರಳುಗಳು ಮಾತ್ರ ಉಳಿದುಕೊಂಡಿದ್ದವು.

"ನೀಟಾಗಿ ಕತ್ತರಿಸಿದ್ದಾರಾ, ಇಲ್ಲ ಹಲ್ಲುಹಲ್ಲಾಗಿದೆಯಾ?"

"ಹಲ್ಲುಹಲ್ಲು."

"ನೀಟಾಗಿ ಕತ್ತರಿಸೋಕೂ ಬರಲ್ಲ ಅವರಿಗೆ," ಎಂದು ಅವಳು ಒಲೆಯ ಕಡೆ ತಿರುಗಿಕೊಂಡಳು.

ವರ್ಷಗಳು ಉರುಳಿದವು. ಆಸ್ಪತ್ರೆಯಲ್ಲಿ ಫಿಲ್ಮು ಹೋಗಿ ಕಂಪ್ಯೂಟರು ಬಂತು. ಮಗಳು ಶಾಲೆಯೊಂದರಲ್ಲಿ ಲೆಕ್ಕದ ಮೇಡಂ ಆದಳು. ಅತ್ತ ಗಂಡನೆನಿಸಿಕೊಂಡಿದ್ದವನು ನಿವೃತ್ತನಾಗುವ ಕಾಲ ಬಂತು. ಅವನ ತಂಗಿ ಎಕ್ಸ್‌ರೇ ಅಕ್ಕನ ಮಗಳಿಗೆ ಫೋನ್ ಮಾಡಿದಳು: ಹಾಲ್ ಹಿಡಿದಿದ್ದೇವೆ, ಊಟ ಇಟ್ಟುಕೊಂಡಿದ್ದೇವೆ, ಅಣ್ಣನ ಜೀವನವನ್ನೆಲ್ಲ ಪರದೆಯ ಮೇಲೆ ತೋರಿಸಬೇಕೆಂದಿದ್ದೇವೆ. ಆದರೆ ಆಲ್ಬಮ್ಮು "ಸ್ವಲ್ಪ ಹಾಳಾಗಿದೆ". ನಿಮ್ಮಮ್ಮನ ಹತ್ತಿರ ನೆಗೆಟಿವ್ ಇರಬೇಕಲ್ವಾ, ಕಳಿಸಿಕೊಟ್ಟರೆ ಇಲ್ಲೇ ಸ್ಕ್ಯಾನ್ ಮಾಡಿಸಿಕೊಳ್ತೀವಿ.

"ಕೊಟ್ಟುಬಿಡಮ್ಮ, ಏನೋ ಮಾಡ್ಕೊಳ್ಳಲಿ," ಎಂದಳು ಮಗಳು.

"ನೆಗೆಟಿವ್ ಕೊಡಲ್ಲ. ಅವರ ಮನೇಲಿ ಇನ್ನೂ ಕತ್ತರಿ ಇರುತ್ತೆ." ಸ್ವಲ್ಪ ತಡೆದು ಅವಳೇ ಹೇಳಿದಳು, "ಫೋಟೋ ಕೊಡ್ತೀನಿ. ನಾನೇ ಸ್ಕ್ಯಾನ್ ಮಾಡಿ, ಇಡೀ ಇಡೀ ಫೋಟೋ ಕೊಡ್ತೀನಿ."

ಹೀಗೆ ಶುರುವಾಯಿತು ಸ್ಕ್ಯಾನರ್ ಹುಡುಕಾಟ. ಮೊದಲ ಅಂಗಡಿಗೆ, ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದ ಅವಳ ತಮ್ಮ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಅಂಗಡಿಯವನು ಮಾತೆಲ್ಲ ತಮ್ಮನ ಮುಖಕ್ಕೇ ಆಡಿದ. "ಸಾರ್, ಈ ಪ್ರಿಂಟರಲ್ಲೇ ಸ್ಕ್ಯಾನರೂ ಇದೆ ಸಾರ್, ಒಂದೇ ಕಲ್ಲಿಗೆ ಎರಡು ಹಕ್ಕಿ."

"ಸಾರ್ ಕಾರು ಓಡಿಸಿಕೊಂಡು ಬಂದೋರು. ಕೊಳ್ಳೋಳು ನಾನು," ಎಂದು ಎಕ್ಸ್‌ರೇ ಅಕ್ಕ ಒಂದು ನೆಗೆಟಿವನ್ನು ಗಾಜಿನ ಮೇಲೆ ಇಟ್ಟಳು. ಪರದೆಯ ಮೇಲೆ ಕಡುಗಪ್ಪು ಪಟ್ಟಿಯೊಂದು ಬಂತು. ಕಾಗದಕ್ಕೆ ಬೆಳಕು ಬಿದ್ದು ಮರಳಿದರೆ ಸಾಕು. ಫಿಲ್ಮಿಗೆ ಹಾಗಲ್ಲ, ಬೆಳಕು ಅದನ್ನು ಹಾಯ್ದು ಈಚೆ ಬರಬೇಕು. ಅಷ್ಟು ಅವಳಿಗೆ ಗೊತ್ತಿತ್ತು.

ಅಷ್ಟೇ ಗೊತ್ತಿತ್ತು ಎನ್ನುವುದು ಮುಂದಿನ ವಾರ ತಿಳಿಯಿತು. ಫೋನಿನಲ್ಲಿ ಜಾಹೀರಾತು ನೋಡಿ, ಮಗಳು ಬೇಡವೆಂದರೂ ಕೇಳದೆ, ಟೀ ಡಬ್ಬದಷ್ಟು ದೊಡ್ಡದೊಂದು ಯಂತ್ರ ತರಿಸಿದಳು. ಒಂದು ಕಡೆಯಿಂದ ಸ್ಲೈಡ್ ತೂರಿಸಿ ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬರುತ್ತಿತ್ತು. ಅದರ ಬೆರಳುದ್ದದ ಪರದೆಯಲ್ಲಿ ಎಲ್ಲರೂ ಲಕಲಕ ಹೊಳೆದರು. ಮಗಳ ಲ್ಯಾಪ್‌ಟಾಪಿಗೆ ಹಾಕಿದಾಗ ಮಾತ್ರ ಮುಖಗಳು ಸುಣ್ಣ ಬಳಿದ ಗೋಡೆಗಳಂತೆ ಕಂಡವು. ಮೇಲಾಗಿ ಮದುವೆಯ ನೆಗೆಟಿವ್‌ಗಳು ಹಳೆಯ ದೊಡ್ಡ ಕ್ಯಾಮೆರಾದವು, ಬಿಸ್ಕತ್ತಿನಗಲದ ಚೌಕಗಳು. ಆ ಯಂತ್ರದ ಸಂದಿಯೊಳಗೆ ಅವು ಹೋಗಲೇ ಇಲ್ಲ.

"ಇದೇ ಸಾಕು, ಚೆನ್ನಾಗೇ ಇದೆ," ಎಂದಳು ಎಕ್ಸ್‌ರೇ ಅಕ್ಕ.

"ಅಮ್ಮಾ, ಇದರಲ್ಲಿ ಅಪ್ಪ ಯಾರು ಚಿಕ್ಕಪ್ಪ ಯಾರು ಹೇಳು ನೋಡೋಣ."

ಅವಳು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಮೂರು ದಿನ ಮಗಳ ಜೊತೆ ಮಾತೂ ಆಡಲಿಲ್ಲ. ನಾಲ್ಕನೆಯ ದಿನ ಆ ಯಂತ್ರವನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಮುಚ್ಚಿಹೋದ ಫೋಟೋ ಸ್ಟುಡಿಯೋದ ಮುದುಕನನ್ನು ಹುಡುಕಿಕೊಂಡು ಹೋದಳು.

ಸ್ಟುಡಿಯೋ ಜಾಗದಲ್ಲಿ ಈಗ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಮುದುಕ ಹಿಂದಿನ ಕೋಣೆಯಲ್ಲಿ ವಾಸವಿದ್ದ. ಅವನ ಬಳಿ ಫಿಲ್ಮಿಗೆಂದೇ ಮಾಡಿದ ಹಳೆಯ ಸ್ಕ್ಯಾನರ್ ಒಂದಿತ್ತು. ಅದರಲ್ಲಿ ತೆಗೆದು ಹಿಂದೆ ಮುದ್ರಿಸಿಟ್ಟಿದ್ದ ಒಂದು ಚಿತ್ರ ತೋರಿಸಿದ. ಮಗುವಿನ ಕೆನ್ನೆಯ ಮೇಲಿನ ನವಿರು ಕೂದಲೂ ಕಾಣುತ್ತಿತ್ತು. ಎಕ್ಸ್‌ರೇ ಅಕ್ಕನ ಬಾಯಲ್ಲಿ ನೀರೂರಿತು.

"ಕೊಡ್ತೀರಾ?"

"ಕೊಡ್ತೀನಮ್ಮ, ತಗೊಂಡು ಏನ್ ಮಾಡ್ತೀರಿ? ಇದರಲ್ಲಿ ಚಿಕ್ಕ ಫಿಲ್ಮ್ ಮಾತ್ರ ಹಿಡಿಯುತ್ತೆ. ಇದರ ವೈರು ಈಗಿನ ಯಾವ ಕಂಪ್ಯೂಟರಿಗೂ ಕೂರಲ್ಲ. ನನ್ನ ಕಂಪ್ಯೂಟರ್ ಸತ್ತ ದಿನಾನೇ ಇದೂ ಸತ್ತುಹೋಯ್ತು." ಮುದುಕ ಯಂತ್ರದ ಬೆನ್ನು ಸವರಿದ. "ಮುಚ್ಚಳದಲ್ಲೂ ದೀಪ ಇರೋ ಚಪ್ಪಟೆ ಸ್ಕ್ಯಾನರ್ ಬರುತ್ತೆ, ಅದನ್ನ ನೋಡಿ. ಪಟ್ಟಿ ನೆಗೆಟಿವ್, ಸ್ಲೈಡು, ದೊಡ್ಡ ಫಿಲ್ಮು, ಒಂದೊಂದಕ್ಕೂ ಬೇರೆ ಚೌಕಟ್ಟು ಕೊಡ್ತಾರೆ. ಸ್ವಲ್ಪ ನಿಧಾನ. ಡಬ್ಬದ ಮೇಲಿನ ಪಿಕ್ಸೆಲ್ಲಿನ ದೊಡ್ಡ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ನಿಮ್ಮದೇ ಫಿಲ್ಮ್ ಹಾಕಿಸಿ ರೆಪ್ಪೆಗೂದಲು ನೋಡಿ."

ಅಂಥದ್ದು ದೊಡ್ಡ ಅಂಗಡಿಯಲ್ಲಿ ಒಂದೇ ಒಂದಿತ್ತು. ಡಬ್ಬ ಒಡೆದು ತೋರಿಸುವುದಿಲ್ಲ, ಕೊಂಡ ಮೇಲೆ ಮನೆಯಲ್ಲಿ ನೋಡಿಕೊಳ್ಳಿ ಎಂದ ಅಲ್ಲಿನವನು.

"ನಾನು ನಿಮ್ಮ ಎಕ್ಸ್‌ರೇ ತೆಗೀದೇನೇ ಕಾಲು ಮುರಿದಿದೆ ಅಂದರೆ ಪ್ಲಾಸ್ಟರ್ ಹಾಕಿಸ್ಕೊಳ್ತೀರಾ?"

"ಅದು ಬೇರೆ, ಇದು ಬೇರೆ ಮೇಡಂ."

"ಎರಡೂ ಫಿಲ್ಮೇ." ಅವಳು ಸ್ಟೂಲ್ ಎಳೆದು ಕೂತಳು. ತಮ್ಮ ಕಾರಿನ ಬೀಗದಕೈ ತಿರುಗಿಸುತ್ತ "ಬಾರಕ್ಕಾ, ಇನ್ನೊಂದು ದಿನ ಬರೋಣ" ಎಂದ. ಬೇರೆ ಗಿರಾಕಿಗಳು ತಿರುಗಿ ನೋಡಿದರು. ಅವಳು ಪರ್ಸಿನಿಂದ ನೀರಿನ ಬಾಟಲಿ ತೆಗೆದು ಕುಡಿದು, ಮುಚ್ಚಳ ತಿರುಗಿಸಿ, ಮತ್ತೆ ಕೂತಳು. ಕೊನೆಗೆ ಮ್ಯಾನೇಜರು ಬಂದು ಡಬ್ಬ ಒಡೆಸಿದ.

ಮದುವೆಯ ನೆಗೆಟಿವ್ ಒಂದನ್ನು ಚೌಕಟ್ಟಿಗೆ ಕೂರಿಸಿದರು. ಯಂತ್ರ ಗುಂಯ್ ಎನ್ನುತ್ತ ಆಮೆಯಂತೆ ತೆವಳಿತು. ಪರದೆಯಲ್ಲಿ ಮೊದಲು ಮೇಲಿನ ಗೋಡೆ ಬಂತು, ಆಮೇಲೆ ತಲೆಗಳು, ಆಮೇಲೆ ಮುಖಗಳು. ಉಳಿದವರೆಲ್ಲ ಎತ್ತೆತ್ತಲೋ ನೋಡುತ್ತಿದ್ದರು. ನಡುವೆ ನಿಂತ ಹುಡುಗಿ ಒಬ್ಬಳೇ ನೇರ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಳು. ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದಿತ್ತು.

"ಇವರು ಯಾರು ಮೇಡಂ?" ಎಂದ ಅಂಗಡಿಯವನು.

"ಸ್ಕ್ಯಾನರ್ ಕೊಳ್ಳೋಳು. ಪ್ಯಾಕ್ ಮಾಡಿ."

ಆಸ್ಪತ್ರೆಯಿಂದ ಬಂದು ಕೈ ತೊಳೆದು, ನೂಲಿನ ಕೈಗವಸು ಹಾಕಿಕೊಂಡು ಅವಳು ಕೂರುತ್ತಿದ್ದಳು. ರಬ್ಬರಿನ ಬುರುಡೆ ಒತ್ತಿ ಧೂಳು ಊದುವುದು, ಚೌಕಟ್ಟಿಗೆ ಹಾಕುವುದು, ಮುಚ್ಚಳ ಹಾಕುವುದು, ಕಾಯುವುದು. ಮಗಳು ಪಕ್ಕದಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಆಗಾಗ ತಲೆಯೆತ್ತಿ "ಅದು ನಾನಾ?" ಎನ್ನುತ್ತಿದ್ದಳು. ಧೂಳಿನ ಚುಕ್ಕೆಗಳನ್ನು ತಾನಾಗಿ ಅಳಿಸುವ ಗುಂಡಿಯೊಂದು ಸ್ಕ್ಯಾನರಿನಲ್ಲಿತ್ತು. ಬಣ್ಣದ ಫಿಲ್ಮಿಗೆ ಸೊಗಸಾಗಿ ಕೆಲಸ ಮಾಡಿತು. ಕಪ್ಪು ಬಿಳುಪಿನದಕ್ಕೆ ಹಾಕಿದಾಗ ಅದು ಚಿತ್ರವನ್ನೇ ಧೂಳೆಂದು ತಿಳಿದು ಎಕ್ಸ್‌ರೇ ಅಕ್ಕನ ಅರ್ಧ ಮುಖವನ್ನು ಕಲಸಿಹಾಕಿತು.

"ಈ ಗುಂಡೀನೂ ನಿಮ್ಮಜ್ಜಿ ಕಡೇದೇ," ಎಂದು ಅದನ್ನು ನಿಲ್ಲಿಸಿದಳು. ಅಮ್ಮ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಚಿತ್ರಗಳನ್ನು ಕಳಿಸಿದ ಮರುದಿನವೇ ನಾದಿನಿಯ ಫೋನ್ ಬಂತು. ಈ ಸಲ ನೇರ ಅವಳಿಗೇ.

"ಅತ್ತಿಗೇ..." ಹಳೆಯ ಅಭ್ಯಾಸಕ್ಕೆ ಬಾಯಿಗೆ ಬಂದುಬಿಟ್ಟಿತ್ತು. ನಾದಿನಿ ಕೆಮ್ಮಿದಳು. "ತುಂಬಾ ಚೆನ್ನಾಗಿ ಬಂದಿವೆ. ಒಂದು ಮಾತು, ತಪ್ಪು ತಿಳ್ಕೋಬೇಡಿ. ಜನ ಎಲ್ಲ ಬಂದಿರ್ತಾರೆ. ನೀವಿರೋ ಕಡೆ ಅಂಚು ಸ್ವಲ್ಪ ಕತ್ತರಿಸಿ ಹಾಕ್ಕೊಳ್ಳಲಾ?"

"ನಾನು ಅಂಚಲ್ಲಿ ನಿಂತಿಲ್ಲಮ್ಮ. ನಡುವೆ ನಿಂತಿದ್ದೀನಿ. ನನ್ನ ಕತ್ತರಿಸಿದರೆ ನಿಮ್ಮಣ್ಣನ ಒಂದು ತೋಳೂ ಹೋಗುತ್ತೆ."

"ಅಲ್ಲ, ಈಗ ಅದೆಲ್ಲ ಮುಗಿದುಹೋದ ಕಥೆ..."

"ಮುಗಿದಿದೆ, ನಾನೇ ಮುಗಿಸಿದ್ದು. ಹಾಗಂತ ನಡೆದೇ ಇಲ್ಲ ಅನ್ನೋಕಾಗಲ್ಲ. ಆ ಮನೇಲಿ ಅಷ್ಟು ವರ್ಷ ಇದ್ದೆ, ದುಡಿದೆ, ಹೆತ್ತೆ. ನನಗೆ ನಿಮ್ಮ ಊಟ ಬೇಡ, ಕ್ಷಮೆ ಬೇಡ, ಮರ್ಯಾದೆನೂ ಬೇಡ. ಹಾಕಿದರೆ ಇಡೀದು ಹಾಕಿ. ಇಲ್ಲಾಂದರೆ ಬಿಡಿ."

ಬಿಟ್ಟೇಬಿಟ್ಟರು. ನಿವೃತ್ತಿಯ ಊಟದ ದಿನ ಹಾಲ್‌ನ ಪರದೆಯ ಮೇಲೆ ಸೈಕಲ್ ಹಿಡಿದ ಹುಡುಗನೊಬ್ಬ ಬಂದ, ಅವನ ಹಿಂದೆಯೇ ನರೆಗೂದಲಿನ ಅಧಿಕಾರಿ ಬಂದ. ನಡುವಿನ ವರ್ಷಗಳೇ ಇರಲಿಲ್ಲ. ಆಫೀಸಿನವನೊಬ್ಬ "ಏನ್ರೀ, ಸೈಕಲ್ ಇಳಿದು ನೇರ ರಿಟೈರೇ ಆಗ್ಬಿಟ್ರಾ?" ಎಂದು ಕೂಗಿದ. ಇಡೀ ಹಾಲ್ ನಕ್ಕಿತು. ನಿವೃತ್ತನಾಗುವವನು ನಗಲಿಲ್ಲ. ಊಟದ ನಂತರ ಕೈ ತೊಳೆಯುವ ಜಾಗದಲ್ಲಿ ಮಗಳ ಪಕ್ಕಕ್ಕೆ ಬಂದು ನಿಂತ.

"ನೀನು ನನ್ನ ಹೆಗಲ ಮೇಲೆ ಕೂತಿರೋ ಫೋಟೋ ಒಂದು ಇತ್ತಲ್ಲ ಪುಟ್ಟಾ. ನಿಮ್ಮಮ್ಮ ನಿನ್ನ ಕಾಲು ಹಿಡ್ಕೊಂಡಿರ್ತಾಳೆ. ಅದು ಸಿಕ್ಕಿತಾ?"

ಮಗಳು ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದಳು. "ನಾನು ಹೆಗಲ ಮೇಲೆ ಕೂತಿರೋ ಫೋಟೋ ಅಪ್ಪ ಕೇಳ್ತಿದ್ದಾರೆ. ಕಳಿಸ್ಲಾ?"

"ಕತ್ತರಿಸು ಅಂದರಾ?"

"ಇಲ್ಲ."

"ಕಳಿಸು."

ಅದಾದ ಮೇಲೆ ಎಕ್ಸ್‌ರೇ ಅಕ್ಕ ಮದುವೆಯ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ ತಂದು, ಬಾಗಿಲು ತೆರೆದರೆ ಎದುರಿಗೇ ಕಾಣುವ ಗೋಡೆಗೆ ಮೊಳೆ ಹೊಡೆಯತೊಡಗಿದಳು. ಸದ್ದು ಕೇಳಿ ಮೇಲಿನ ಮಹಡಿಯಿಂದ ತಮ್ಮ ಇಳಿದು ಬಂದ. ಚಿತ್ರ ನೋಡಿ ಹೌಹಾರಿದ.

"ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಬಿಟ್ಟು ಬಂದ ಗಂಡನ ಫೋಟೋ ಯಾರಾದರೂ ಗೋಡೆಗೆ ಹಾಕ್ತಾರಾ? ಬಂದವರು ಏನಂದುಕೊಳ್ತಾರೆ?"

"ಗಂಡನ ಫೋಟೋ ಎಲ್ಲೋ ಇದು? ನನ್ನ ಫೋಟೋ. ಅವನು ಪಕ್ಕದಲ್ಲಿ ನಿಂತಿದ್ದಾನೆ." ಅವಳು ಬಾಯಲ್ಲಿ ಕಚ್ಚಿದ್ದ ಇನ್ನೊಂದು ಮೊಳೆಯನ್ನು ಕೈಗೆ ತೆಗೆದುಕೊಂಡಳು. "ಸುಮ್ಮನೆ ನಿಂತು ನೋಡ್ತೀಯಲ್ಲ, ಆ ಕಡೆ ಹಿಡ್ಕೋ. ಸೊಟ್ಟ ಆಗುತ್ತೆ."

ತಮ್ಮ ಗೊಣಗುತ್ತಲೇ ಹಿಡಿದುಕೊಂಡ.