ಚುರಮುರಿ ಸರ್ ಮತ್ತು ಎರಡು ಎಮ್ಮೆಗಳು

ಮೀಸೆಯ ಎಡತುದಿಯಲ್ಲಿ ಸದಾ ಒಂದು ಚುರಮುರಿ ಕಾಳು ಸಿಕ್ಕಿಕೊಂಡಿರುತ್ತಿತ್ತು. ರಾಯಬಾಗದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದ ಸರ್ ಅವರನ್ನು ನೆನೆದರೆ ಮೊದಲು ಕಾಣುವುದು ಆ ಕಾಳು. ಸರ್ ಆಮೇಲೆ ಬರುತ್ತಾರೆ.

ನೌಕರಿ ಹಿಡಿದ ಮೇಲೂ ಕಥೆ ಬರೆದು ಅವರ ಮನೆಕಟ್ಟೆಗೆ ಒಯ್ಯುತ್ತಿದ್ದೆ. ಸಾಹಿತ್ಯಲೋಕ ನನ್ನ ದಾರಿ ಕಾಯುತ್ತಿದೆಯೆಂದು ನಾನು ದೃಢವಾಗಿ ನಂಬಿದ್ದ ಎಂಬತ್ತರ ದಶಕದ ಮಾತು. ಸರ್ ಚುರಮುರಿ ಮೆಲ್ಲುತ್ತ ಓದುವರು. ಬಾಯಿ ನಿಂತರೆ ಆ ಸಾಲು ಗೆದ್ದಿತು. ಆಡುತ್ತಲೇ ಇದ್ದರೆ ಕಥೆ ಮುಗಿದಂತೆ.

“‘ಅವನಿಗೆ ಬಹಳ ದುಃಖವಾಯಿತು’ ಅಂತ ಬರದಿ. ನಾ ಯಾಕ ನಂಬ್ಲಿ? ತೋರ್ಸಲೇ!”

ತೋರಿಸಿದೆ. ಮುಂದಿನ ಕಥೆಯ ನಾಯಕ ಸತ್ತಿ ಎಂಬ ಊರಿಗೆ ಹೋಗಲು ಬಸ್ ಹತ್ತಿದ. ಟಿಕೆಟ್ಟು, ಕಿಟಕಿ, ಕಂಡಕ್ಟರನ ಕೆಮ್ಮು, ಯಾವುದನ್ನೂ ಬಿಡಲಿಲ್ಲ.

“ತಮ್ಮಾ, ಸತ್ತಿ ಬರೂದರಾಗ ನನ್ನ ಚುರಮುರಿ ತೀರಿದ್ವು. ‘ಸತ್ತಿಗೆ ಹೋದ’ ಅಂತ ಹೇಳಿ ಇಳಿಸಿಬಿಡಲೇ ಅವನ್ನ!”

ಯಾವಾಗ ತೋರಿಸಬೇಕು, ಯಾವಾಗ ಹೇಳಬೇಕು ಎಂಬುದು ನನಗೆ ತಿಳಿದದ್ದು ನಮ್ಮ ಮನೆಯ ಪಡಸಾಲೆಯಲ್ಲಿ.

ಶಿರಗುಪ್ಪಿಯಲ್ಲಿ ಹುಡುಗಿ ನೋಡಿ ಬಂದಿದ್ದೆವು. ನನಗೆ ಅವಳೇ ಬೇಕಾಗಿತ್ತು. ಪದ್ಧತಿಯಂತೆ ಅವಳ ತಂದೆ ನಮ್ಮ ಮನೆ ನೋಡಲು ಬಂದರು. ನಮ್ಮ ಕಡೆಯ ಹಿರಿಯರಾಗಿ ಸರ್ ಕೂತಿದ್ದರು. ಮನೆತನ ತುಂಬಿ ಕಾಣಲೆಂದು ಅಪ್ಪ ಮಗ್ಗಲು ಮನೆಯ ಎರಡು ಎಮ್ಮೆಗಳನ್ನು ತಂದು ನಮ್ಮ ಖಾಲಿ ಕೊಟ್ಟಿಗೆಯಲ್ಲಿ ಕಟ್ಟಿದ್ದ. ಚಹಾ ಬರುವಷ್ಟರಲ್ಲಿ ಹಾಲು ಹಿಂಡುವ ವೇಳೆಯಾಯಿತು. ಎಮ್ಮೆಗಳು ಒದರಿ, ಗೂಟ ಕಿತ್ತುಕೊಂಡು, ಎಲ್ಲರೆದುರೇ ಪರಮ ಗಾಂಭೀರ್ಯದಿಂದ ಮಗ್ಗಲು ಮನೆಗೆ ನಡೆದವು.

“ಹೊಸಾ ಎಮ್ಮಿರಿ, ಇನ್ನಾ ರೂಢಿ ಆಗಿಲ್ಲ,” ಎಂದ ಅಪ್ಪ.

ಹುಡುಗಿಯ ತಂದೆ ಕಪ್ಪು ಕೆಳಗಿಟ್ಟರು. ನನ್ನ ಸಂಸಾರ ಅದರಲ್ಲೇ ಆರುತ್ತಿತ್ತು. ಸರ್ ಮೆಲ್ಲುವುದನ್ನು ನಿಲ್ಲಿಸಿದರು.

“ಯಜಮಾನ್ರ, ಎಮ್ಮಿ ಮಗ್ಗಲ ಮನಿವು. ಹುಡುಗ ಅಷ್ಟ ಇವರಾಂವ. ಹಾಲು ಕೊಡಂಗಿಲ್ಲ ಖರೆ, ಆದ್ರ ಸುಳ್ಳು ಹೇಳೂದು ಬರೇ ಕಥಿಯಾಗ.”

ಹುಡುಗಿಯ ತಂದೆ ತೊಡೆ ತಟ್ಟಿಕೊಂಡು ನಕ್ಕರು. “ನಮ್ಮ ಅಂಗಳದಾಗ ನೀವು ನೋಡಿದ ಟ್ರ್ಯಾಕ್ಟರೂ ನನ್ನ ಭಾವಂದ ಐತ್ರಿ!”

ಅಲ್ಲಿಗೆ ಮದುವೆ ಗಟ್ಟಿಯಾಯಿತು. ಹೊರಡುವಾಗ ಸರ್ ನನ್ನ ಬೆನ್ನು ಗುದ್ದಿದರು: “ತೋರ್ಸಿದ್ದು ಗೂಟಾ ಕಿತ್ತರ, ಹೇಳಿಬಿಡಬೇಕಲೇ.”

ಈಗ ನನ್ನ ಕಥೆಗಳನ್ನು ಆ ಶಿರಗುಪ್ಪಿಯವಳೇ ಮೊದಲು ಓದುತ್ತಾಳೆ, ಚುರಮುರಿ ಬಟ್ಟಲು ಹಿಡಿದು. ಇದನ್ನೂ ಓದಿದಳು. ಕೊನೆಗೆ ನಾನು ಸರ್ ತೀರಿಕೊಂಡ ಸಂಜೆಯನ್ನು ಒಂದು ಪುಟ ತುಂಬ ವರ್ಣಿಸಿದ್ದೆ: ಮಳೆ, ಆರಿದ ದೀಪ, ಖಾಲಿ ಕಟ್ಟೆ.

“ಈ ಪುಟದಾಗ ಕಟ್ಟಿದ ಎಮ್ಮಿ ಯಾರ ಮನಿವ್ರಿ?” ಎಂದಳು.

ಆ ಪುಟ ಹರಿದೆ. ಸರ್ ತೀರಿಕೊಂಡರು. ನಾನು ಅತ್ತೆ.