ವೈಶಾಖದಲ್ಲಿ ತಂದ ಗೋಲ್‌ಕೀಪರ್

ಮೊನ್ನೆ ಚಪ್ಪಲಿಯ ಉಂಗುಟ ಕಿತ್ತುಹೋಗಿ, ಖೂಬಾ ಪ್ಲಾಟ್ ಬಡಾವಣೆಯ ಮೂಲೆಯಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ಒಂಟಿಗಾಲಲ್ಲಿ ನಿಂತಿದ್ದೆ. ಅವನು ನನ್ನ ಚಪ್ಪಲಿಯನ್ನು ಬದಿಗಿಟ್ಟು ಮೊದಲು ಒಂದು ಫುಟ್‌ಬಾಲನ್ನು ಕೈಗೆತ್ತಿಕೊಂಡ. ಬಿಚ್ಚಿದ ಹೊಲಿಗೆ ಸರಿಮಾಡಿ, ಮೇಲೆ ಎಣ್ಣೆ ಸವರಿದ. ಎಣ್ಣೆ ಕುಡಿದ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಚೆಂಡಿನ ಒಡೆಯರಾದ ಕಾಲೇಜು ಹುಡುಗರು ಬರುವ ಮಳೆಗಾಲಕ್ಕೆ ತಂಡಕ್ಕೆ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂದು ವಾದ ಹಚ್ಚಿದ್ದರು. ನೆತ್ತಿ ಸುಡುವ ಬಿಸಿಲು. ಇಂಥ ಬಿಸಿಲಲ್ಲಿ ನಿಂತು ಮಳೆಗಾಲದ ಆಟಕ್ಕೆ ಜಗಳಾಡುವವರನ್ನು ಕಂಡರೆ ನನಗೆ ನನ್ನ ಕಾಕಾನ ನೆನಪಾಗುತ್ತದೆ. ನಿಮಗೆ ಪುರುಸೊತ್ತಿದ್ದರೆ ಕೇಳಿ. ಚಪ್ಪಲಿ ಕೈಗೆ ಬರುವವರೆಗೆ ನನಗಂತೂ ಅವತ್ತು ಪುರುಸೊತ್ತೇ ಇತ್ತು.

ನಿಜಾಮರ ಆಳಿಕೆಯ ಕಾಲ ಅದು. ಬಸವಂತಪ್ಪ ಕಾಕಾ ನಮ್ಮ ತಂದೆಯ ತಮ್ಮ. ಶಹಾಬಜಾರದಲ್ಲಿ ಅವನದೊಂದು ಕಾಳಿನ ಅಂಗಡಿ. ತಲೆಗೆ ರುಮಾಲು, ಹಣೆಗೆ ವಿಭೂತಿ, ಮೈಮೇಲೆ ಜೋಳದ ಧೂಳು. ದಂಡಿನವರಿಂದ ಯಾರೋ ಕಲಿತು ಬಂದು ನಮ್ಮ ಓಣಿಗೆ ಹಚ್ಚಿದ್ದ ಈ ಆಟವನ್ನು ಅವನು ಒಮ್ಮೆಯೂ ಆಡಿದವನಲ್ಲ. ಒಂದು ಸಲ ಚೆಂಡು ತಾನಾಗಿಯೇ ಉರುಳಿ ಅವನ ಕಾಲಬಳಿ ಬಂದಾಗ, ಅದನ್ನು ಎರಡೂ ಕೈಯಿಂದ ಎತ್ತಿ, ಧೂಳು ಒರೆಸಿ, ಎದುರು ತಂಡದವರಿಗೆ ಮರ್ಯಾದೆಯಿಂದ ಒಪ್ಪಿಸಿದ್ದ. ಆದರೂ ಶಹಾಬಜಾರದ ತಂಡ ಅವನದು. ಈ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ಆಡುವವರಂತೂ ಮೊದಲೇ ಇಲ್ಲ.

ಅವನ ಪ್ರಕಾರ ಆಟದ ಕಾಲ ಬೇಸಿಗೆ. ಮಳೆಗಾಲದಲ್ಲಿ ಮೈದಾನಕ್ಕಿಳಿದು ಓಡಾಡುವುದು ಕೂಲಿಯ ಕೆಲಸ.

"ಮಳಿಗಾಲದಾಗ ಆಡೋದು ಯಾವ ದೊಡ್ಡ ಮಾತು," ಅನ್ನುತ್ತಿದ್ದ, ಅಂಗಡಿಯ ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು. "ಬ್ಯಾಸಗ್ಯಾಗ ಟೀಮ್ ಕೂಡಸೋದು ಅದ ನೋಡು, ಅದು ಆಟ."

ಹಿಂದೆ ನಿಂತು ತಡೆಯುವವರು ಮದುವೆಯಾದವರಿರಬೇಕು ಎಂಬುದು ಅವನ ಒಂದು ಸಿದ್ಧಾಂತ. ಸಂಸಾರವಂದಿಗನಿಗೆ ಏನನ್ನಾದರೂ ಕಾಯ್ದು ಗೊತ್ತಿರುತ್ತದೆ. ಮುಂದೆ ಓಡುವವರು ಮಾತ್ರ ಮದುವೆಯಾಗದವರೇ ಬೇಕು, ಏಕೆಂದರೆ ಅವರಿಗೆ ಹಿಂದೆ ನೋಡುವ ಚಟ ಹತ್ತಿರುವುದಿಲ್ಲ. ಬೇಸಿಗೆಯ ಮದುವೆ ಊಟಗಳೇ ತಂಡದ ಮೊದಲ ವೈರಿಗಳೆಂದು ಅವನ ನಂಬಿಕೆ. ತನ್ನ ಆಟಗಾರರು ಕುಳಿತ ಪಂಕ್ತಿಯನ್ನು ಹುಡುಕಿಕೊಂಡು ಹೋಗಿ, ಹೋಳಿಗೆ ಬಡಿಸುವವನ ಕೈಹಿಡಿದು, ಮುಂದಿನ ಎಲೆಗೆ ದೂಡುತ್ತಿದ್ದ. ಬೀಗರು ಮುನಿಸಿಕೊಂಡದ್ದುಂಟು. ನಾನು ಹಿಂದೆ ನಿಲ್ಲುವವರಲ್ಲಿದ್ದೆ. ನನಗೆ ಮದುವೆಯಾಗಿರಲಿಲ್ಲ, ಆಟವೂ ಬರುತ್ತಿರಲಿಲ್ಲ, ಆದರೆ ಅಣ್ಣನ ಮಗನಾಗಿದ್ದೆ. ಸಿದ್ಧಾಂತಗಳು ಅಷ್ಟಕ್ಕೆ ಬಗ್ಗುತ್ತಿದ್ದವು.

ಆ ಬೇಸಿಗೆಯಲ್ಲಿ ನಮ್ಮ ಗೋಲ್‌ಕೀಪರ್ ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿಬಿಟ್ಟ. ಕಾಕಾನಿಗೆ ಅನ್ನ ಸೇರದಾಯಿತು. ಅದೇ ಹೊತ್ತಿಗೆ ಮನೆಯಲ್ಲಿ ನೀಲಮ್ಮ ಕಾಕಿ ಮಗಳು ಗಂಗವ್ವನಿಗೆ ಗಂಡು ನೋಡಿರೆಂದು ಬೆನ್ನು ಹತ್ತಿದ್ದಳು. ಮೊದಲು ಗೋಲ್‌ಕೀಪರ್ ಸಿಗಲಿ, ಗಂಡು ಎಲ್ಲಿಗೆ ಹೋಗುತ್ತಾನೆ ಎಂದು ಕಾಕಾನ ಉತ್ತರ. ಹೀಗಿರುವಾಗ ಹಣ್ಣಿನ ಬಜಾರದಲ್ಲಿ ಅವನ ಕಿವಿಗೊಂದು ಸುದ್ದಿ ಬಿತ್ತು. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟದವರ ಮಗನೊಬ್ಬನಿದ್ದಾನೆ, ಹೆಸರು ಶಿವರಾಯ. ಕಡಿದ ಗೊನೆ ಎತ್ತರದಿಂದ ಬೀಳುವಾಗ ಕೆಳಗೆ ನಿಂತು ಹಿಡಿಯುತ್ತಾನೆ, ಒಂದು ಹಣ್ಣಿಗೂ ಪೆಟ್ಟು ತಾಗುವುದಿಲ್ಲ.

ಮರುದಿನವೇ ಬಂಡಿ ಹೂಡಿಸಿದ. ಆ ಮನೆಯವರ ಗುರುತಿದ್ದವರೆಂದು ಶರಣಸಿರಸಗಿಯ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡ. ಆ ಹಿರಿಯರು ಸುತ್ತಲಿನ ಹಳ್ಳಿಗಳಲ್ಲಿ ಅರ್ಧಕ್ಕರ್ಧ ಲಗ್ನಗಳನ್ನು ಕೂಡಿಸಿದವರು, ವೈಶಾಖದಲ್ಲಿ ಅವರು ಬಂಡಿಯಿಂದ ಇಳಿದರೆಂದರೆ ಜನ ಬೇರೇನೂ ತಿಳಿದುಕೊಳ್ಳುವುದಿಲ್ಲ ಎಂಬುದು ಕಾಕಾನಿಗೆ ಹೊಳೆಯಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಸಕ್ಕರೆ, ಒಣಕೊಬ್ಬರಿ, ಎಲೆ ಅಡಿಕೆ ಕಟ್ಟಿಸಿಕೊಂಡ. ತಂಡದ ಪರವಾಗಿ ಮಾತಾಡಲು ನನ್ನನ್ನೂ ಹತ್ತಿಸಿಕೊಂಡ. ನಾನು ದಾರಿಯುದ್ದಕ್ಕೂ ನಿದ್ದೆ ಮಾಡಿದೆ.

ಕಮಲಾಪುರದವರು ನಮ್ಮನ್ನು ಉಪಚರಿಸಿದ ರೀತಿ ಏನು ಹೇಳಲಿ. ಕಾಲಿಗೆ ನೀರು ಕೊಟ್ಟರು, ಜಮಖಾನ ಹಾಸಿದರು, ಮಂಡಕ್ಕಿಯ ಸುಸಲಾ ಕೊಟ್ಟರು, ಕೆಂಪು ಬಾಳೆಹಣ್ಣಿನ ಚಿಪ್ಪನ್ನೇ ಮುಂದಿಟ್ಟರು. ಶಿವರಾಯ ಹೊಸ ಅಂಗಿ ತೊಟ್ಟು ತಲೆ ಬಗ್ಗಿಸಿ ಬಂದು ಕುಳಿತ. ಕಾಕಾ ಅವನನ್ನು ಎಬ್ಬಿಸಿ ನಿಲ್ಲಿಸಿದ. ಅಂಗೈ ಅಗಲಿಸಿ ನೋಡಿದ. ಆಚೆ ಈಚೆ ನಡೆಸಿದ. ಮಳೆಯಲ್ಲಿ ನೆನೆದರೆ ನೆಗಡಿಯಾಗುತ್ತದೆಯೇ, ಸಂಜೆಯ ಬಿಸಿಲಿಗೆ ಕಣ್ಣು ಕುಕ್ಕುತ್ತದೆಯೇ ಎಂದು ಕೇಳಿದ. ಬಾಗಿಲ ಮರೆಯಲ್ಲಿದ್ದ ಹುಡುಗನ ತಾಯಿ, ಹೆಣ್ಣು ಹೆತ್ತವರು ಇಷ್ಟು ವಿಚಾರಿಸಿಯೇ ವಿಚಾರಿಸುತ್ತಾರೆ ಎಂದು ಯಾರಿಗೋ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಿತು ಅಷ್ಟೇ, ಬಾಯಲ್ಲಿ ಬಾಳೆಹಣ್ಣಿತ್ತು.

ಆಮೇಲೆ ತೋಟಕ್ಕೆ ಹೋದೆವು. ಶಿವರಾಯ ಗೊನೆ ಹಿಡಿದು ತೋರಿಸಿದ. ಕಾಕಾನ ಕಣ್ಣು ತುಂಬಿ ಬಂತು. ಮನೆಗೆ ಮರಳಿ, ಹುಡುಗನ ತಂದೆಯ ಕೈಗೆ ಸಕ್ಕರೆ ಹಾಕಿ ಹೇಳಿದ: "ಹುಡುಗ ನಮ್ಮ ಮನಸ್ಸಿಗಿ ಬಂದಾನ್ರಿ. ಇನ್ನ ನೀವು ಇಲ್ಲ ಅನ್ನಬ್ಯಾಡ್ರಿ."

ಅವರು ಇಲ್ಲ ಅನ್ನಲಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡು ಕಾಕಾನನ್ನು ಅಪ್ಪಿಕೊಂಡರು. ಓಣಿಗೆಲ್ಲ ಸಕ್ಕರೆ ಹಂಚಿದರು. ಒಳಗೆ ಹೆಣ್ಣುಮಕ್ಕಳು ಸೋಬಾನೆ ಎತ್ತಿದರು. ಬಂಡಿ ಹತ್ತುವಾಗ ಕಾಕಾ ನನ್ನ ಕಿವಿಯಲ್ಲಿ, "ನೋಡು, ಕಮಲಾಪುರದ ಮಂದಿಗಿ ಫುಟ್‌ಬಾಲ್ ಅಂದ್ರ ಎಷ್ಟು ಭಕ್ತಿ ಅದ," ಅಂದ.

ಊರು ದಾಟಿದ ಮೇಲೆ ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತ, "ಮತ್ತ ದಿನಾ ಯಾವಾಗ ತಗಸೂಣು?" ಎಂದು ಕೇಳಿದರು.

"ಮಳಿ ಹತ್ತಿದ ಮ್ಯಾಲ್ರಿ. ಈಗ ನೆಲಾ ಭಾಳ ಗಟ್ಟಿ ಅದ."

"ಲಗ್ನಕ್ಕ ನೆಲಾ ಗಟ್ಟಿ ಇದ್ರೇನು, ಮೆತ್ತಗಿದ್ರೇನು?"

ಕಾಕಾ ಬಹಳ ಹೊತ್ತು ಎತ್ತುಗಳ ಬೆನ್ನು ನೋಡುತ್ತ ಕುಳಿತ. ಓಣಿಗೆ ಹಂಚಿದ ಸಕ್ಕರೆಯನ್ನು ಮರಳಿ ಪಡೆಯುವ ರಿವಾಜು ನಮ್ಮಲ್ಲಿಲ್ಲ. ಪಡೆದರೆ ಹುಡುಗಿಯ ಹೆಸರು ಕೆಡುತ್ತದೆ. ಹುಡುಗನಲ್ಲಿಯಾದರೂ ಏನು ಐಬು ಹುಡುಕುವುದು, ಅಂಗೈಯಿಂದ ಹಿಡಿದು ಎಲ್ಲ ಅವನೇ ನೋಡಿ ಆಗಿತ್ತು. ಮನೆಯಲ್ಲಿ ಕಾಕಿ ಸುದ್ದಿ ಕೇಳಿ, ಈ ಮನುಷ್ಯ ಹುಟ್ಟಿದಾಗಿನಿಂದ ಮನೆಗೆಂದು ಮಾಡಿದ ಮೊದಲ ಕೆಲಸ ಇದು ಎಂದು ಸಂತೋಷಪಟ್ಟಳು. ಗಂಗವ್ವನನ್ನು ಯಾರೂ ಕೇಳಲಿಲ್ಲ. ಅಕ್ಷತೆ ಬಿದ್ದಮೇಲೆ ಕಾಕಾ ಚಪ್ಪರದಲ್ಲಿಯೇ ಅಳಿಯನನ್ನು ಬದಿಗೆ ಕರೆದು ಚೆಂಡಿನ ವಿಷಯ ತಿಳಿಸಿದ. ಶಿವರಾಯ, "ಆತ್ರಿ ಮಾವಾರ," ಅಂದ. ಅವನು ಮಾತಾಡುತ್ತಿದ್ದದ್ದೇ ಅಷ್ಟು.

ಎಲ್ಲ ಸರಿಹೋಯಿತೆಂದು ಕಾಕಾ ತಿಳಿದ. ತಂಡವನ್ನು ಬೇಸಿಗೆಯಲ್ಲಿ ಕಟ್ಟುವವರು ಪಂಚಾಂಗವನ್ನೂ ನೋಡಬೇಕು ಎಂಬ ವಿಚಾರ ಅವನ ಸಿದ್ಧಾಂತಗಳಲ್ಲಿ ಇರಲಿಲ್ಲ. ಮಳೆ ಹತ್ತುವುದೂ ಆಷಾಢ ಹತ್ತುವುದೂ ಕೂಡಿಯೇ ಬರುತ್ತವೆ. ಮದುವೆಯಾದ ಮೊದಲ ಆಷಾಢದಲ್ಲಿ ಹೊಸ ಮದುಮಗಳು ತವರಿಗೆ ಬಂದಿರಬೇಕು, ಅಳಿಯ ಅತ್ತೆಯ ಮನೆಯ ಹೊಸ್ತಿಲು ದಾಟಬಾರದು, ಗಂಡಹೆಂಡಿರು ಒಬ್ಬರನ್ನೊಬ್ಬರು ಕಾಣಬಾರದು. ಹೀಗಾಗಿ ಮೈದಾನ ಹಸಿಯಾಗುವ ಹೊತ್ತಿಗೆ ಸರಿಯಾಗಿ ಮಗಳು ಶಹಾಬಜಾರಕ್ಕೆ ಬಂದಳು, ಗೋಲ್‌ಕೀಪರ್ ಕಮಲಾಪುರದಲ್ಲಿ ಉಳಿದ. ಸ್ಟೇಷನ್ ಕಡೆಯ ತಂಡದೊಂದಿಗೆ ಮ್ಯಾಚು ಗೊತ್ತಾಗಿತ್ತು.

"ಮೈದಾನಕ್ಕ ಎಲ್ಲಿ ಹೊಸ್ತಿಲಾ ಅದ?" ಎಂದು ಕಾಕಾ ವಾದ ಹೂಡಿದ.

"ಎರಡು ಕಂಬಾ ಹುಗದು ಮ್ಯಾಲ ಅಡ್ಡಗಳಾ ಹಾಕೀರಿ. ಅದು ಬಾಗಲಾ ಅಲ್ಲೇನ್ರಿ?" ಅಂದಳು ಕಾಕಿ. "ಅದರಾಗೇ ನಿಂದ್ರಸ್ತೀರಿ ಅವನಿಗಿ."

"ಅದೇನು ನಿನ್ನ ಮನೀ ಬಾಗಲಾ?"

"ನಿಮ್ಮ ಟೀಮಿಂದಲ್ಲೇನು?"

ಕಾಕಾ ಹಿಂದೆಂದೂ ಗೋಲನ್ನು ಆ ದೃಷ್ಟಿಯಿಂದ ನೋಡಿರಲಿಲ್ಲ. ಕೊನೆಗೆ ನಮ್ಮ ತಂಡದ ಮುಂದಾಳು, ದರ್ಜಿ ಮಹಬೂಬ, ದಾರಿ ಹುಡುಕಿದ. ಅವನ ಮನೆ ಮೈದಾನಕ್ಕೆ ಹತ್ತಿಯೇ ಇತ್ತು. "ಕಾಕಾ, ಫಿಕರ್ ನಕ್ಕೋ ಕರೋ, ಚಿಂತಿ ಬಿಡ್ರಿ. ದಾಮಾದ್ ಸಾಬ್, ನಿಮ್ಮ ಅಳಿಯಾ, ನಮ್ಮ ಮನ್ಯಾಗ ಇರ್ತಾರ. ಅಮ್ಮೀ ರೊಟ್ಟಿ ಹಾಕ್ತಾಳ. ನಿಮ್ಮ ಹೊಸ್ತಿಲಾ ನಿಮ್ಮ ಹತ್ರಾನೇ ಇರ್ಲಿ." ಕಾಕಿ ಒಪ್ಪಿಕೊಂಡಳು. ಶಿವರಾಯನಿಗೆ ಹೇಳಿಕಳಿಸಿದರು.

ಶಿವರಾಯ ಮಹಬೂಬನ ಮನೆಗೆ ಬಂದಿಳಿದ ಸುದ್ದಿಯನ್ನು ನಾನು ತಂದಾಗ ಗಂಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದಳು.

"ಅಣ್ಣಾ, ಒಂದು ಕೇಳ್ತೀನಿ, ಖರೆ ಹೇಳು. ಅವರು ಬಂದದ್ದು ಚೆಂಡಿನ ಸಲುವಾಗೇ ಹೌದಿಲ್ಲೋ?"

"ಮ್ಯಾಚ್ ಅದಲ್ಲ, ಗಂಗಾ."

"ಅಪ್ಪ ಗೋಲ್‌ಕೀಪರ್ ತರಾಕ ಹೋಗಿದ್ದ. ಕಾಳು ಅಳದು ಕೊಟ್ಟ ಮ್ಯಾಲ ಗಿರಾಕಿಗಿ ಒಂದು ಹಿಡಿ ಕೊಸರು ಹಾಕ್ತಾನಲ್ಲ, ಹಂಗ ನನ್ನ ಹಾಕ್ಯಾನ. ಇದು ಅವರಿಗೂ ಗೊತ್ತಾಗ್ಯದ. ಒಂದು ಮಾತು ಆಡೂದಿಲ್ಲ, ಮುಖಾ ಎತ್ತಿ ನೋಡೂದಿಲ್ಲ. ನಾ ಹೆಂಗ ತಿಳ್ಕೋಬೇಕು?"

ಶಹಾಬಜಾರಕ್ಕೆ ಶಹಾಬಜಾರವೇ ಈ ಲಗ್ನದ ಕಥೆ ಹೇಳಿ ನಗುತ್ತಿದ್ದಾಗ, ನಾನೂ ಅದರಲ್ಲಿ ಸೇರಿ ನಗುತ್ತಿದ್ದಾಗ, ಈ ಮನೆಯಲ್ಲಿ ಒಬ್ಬಳು ನಗುತ್ತಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ತುಂಬ ಸಂಕಟವಾಯಿತು. ಅವಳು ಮತ್ತೆ ಮೊರ ಕೈಗೆ ತೆಗೆದುಕೊಂಡಳು.

ಮ್ಯಾಚಿನ ದಿನ ಜಿಟಿಜಿಟಿ ಮಳೆ. ಶಿವರಾಯನ ಆಟ ಕಂಡು ಸ್ಟೇಷನ್ ಕಡೆಯವರು ದಂಗಾದರು. ಮೇಲಿಂದ ಬಂದದ್ದು, ಬದಿಯಿಂದ ಬಂದದ್ದು, ಎಲ್ಲವನ್ನೂ ಅವನು ಗೊನೆಯಂತೆ ಎದೆಗೆ ಅವಚಿಕೊಂಡು ಮೆಲ್ಲಗೆ ಕೆಳಗಿಡುತ್ತಿದ್ದ. ಕಾಕಾ ಮಾತ್ರ ಗೆರೆಯ ಆಚೆ ಸಂಕಟಪಡುತ್ತಿದ್ದ. ಬಾಯಿಗೆ ಬಂದಂತೆ ಬೈಯದೆ ಆಟ ನೋಡಿ ಅವನಿಗೆ ರೂಢಿಯಿರಲಿಲ್ಲ, ಅಳಿಯನನ್ನು ಬೈಯುವಂತೆಯೂ ಇರಲಿಲ್ಲ. ನಮಗೆ "ಓಡೋ ಹಲ್ಕಟ್ಟ" ಎಂದು ಕೂಗಿದವನು ಅದೇ ಉಸಿರಿನಲ್ಲಿ ಗೋಲಿನ ಕಡೆ ತಿರುಗಿ, "ಸ್ವಲ್ಪ ಮುಂದ ಬರ್ರಿಯಪ್ಪಾ" ಎನ್ನುತ್ತಿದ್ದ.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂತು. ಆಗ ಅವರ ಕಡೆಯವನೊಬ್ಬ ಜಾರಿ ಬೀಳುತ್ತ ಒದ್ದ ಚೆಂಡು ನಮ್ಮ ಗೋಲಿನ ಕಡೆ ನಿಧಾನವಾಗಿ ಉರುಳಿ ಬಂತು. ಮುದುಕಿಯರು ಬಗ್ಗಿ ಎತ್ತಿಕೊಳ್ಳುವಂಥ ಚೆಂಡು. ಹಿಂದೆ ಗೋಲ್‌ಕೀಪರ್ ಇದ್ದಾನೆಂದು ನಾನು ಬದಿಗೆ ಸರಿದು ದಾರಿ ಬಿಟ್ಟೆ. ಚೆಂಡು ನನ್ನನ್ನು ದಾಟಿತು, ಶಿವರಾಯನನ್ನೂ ದಾಟಿತು, ಎರಡು ಕಂಬಗಳ ನಡುವೆ ಹಾಯ್ದು ಆಚೆ ಕೆಸರಿನಲ್ಲಿ ನಿಂತಿತು. ತಿರುಗಿ ನೋಡಿದರೆ ಅವನು ಮುಖ ಎತ್ತಿ ಮಹಬೂಬನ ಮನೆಯ ಮಾಳಿಗೆ ನೋಡುತ್ತಿದ್ದ. ಅಲ್ಲಿ ಮಹಬೂಬನ ಅಕ್ಕತಂಗಿಯರ ನಡುವೆ, ತೊಯ್ದ ಸೆರಗು ತಲೆಗೆಳೆದುಕೊಂಡು, ಗಂಗವ್ವ ನಿಂತಿದ್ದಳು. ಲಗ್ನದ ಚಪ್ಪರದಲ್ಲಿ ಒಮ್ಮೆಯೂ ನಗದಿದ್ದ ಮನುಷ್ಯ ಈಗ ಬಾಯಗಲಿಸಿ ನಗುತ್ತಿದ್ದ. ಗೋಲಾದದ್ದು ಅವನಿಗೆ ಎಲ್ಲರಿಗಿಂತ ತಡವಾಗಿ ತಿಳಿಯಿತು.

ಕಾಕಾ ಬಾಯಿ ತೆರೆದ. ಆ ಗಳಿಗೆಯಲ್ಲಿ ಅಳಿಯನೆಂಬುದನ್ನೂ ಮರೆತಿದ್ದನೆಂದು ಕಾಣುತ್ತದೆ. ಶಿವರಾಯ ಎತ್ತ ನೋಡುತ್ತಿದ್ದಾನೆಂದು ತಾನೂ ಅತ್ತ ನೋಡಿದ. ಮಗಳನ್ನು ಕಂಡ. ತೆರೆದ ಬಾಯಿ ಮುಚ್ಚಿಕೊಂಡು ರುಮಾಲು ಸರಿಮಾಡಿಕೊಂಡ.

ಮನೆಗೆ ಬಂದಾಗ ಗಂಗವ್ವ ನಮಗಿಂತ ಮೊದಲೇ ಬಂದು, ಏನೋ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು. ಕಾಕಿ ಮಗಳ ಮುಖ ನೋಡಿ, ಗಂಡನ ಮುಖ ನೋಡಿ, "ಏನಾತ್ರಿ, ಗೆದ್ರೇನು?" ಎಂದು ಕೇಳಿದಳು.

"ಸೋತ್ವಿ," ಅಂದ ಕಾಕಾ, ಕಾಲು ತೊಳೆದುಕೊಳ್ಳುತ್ತ. "ಛಲೋ ಆತು."

ಆ ಸೋಲು ನನಗೇನೂ ಛಲೋ ಅನಿಸಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ನಾನೂ ಮಹಬೂಬನೂ ಬೇರೊಬ್ಬ ಗೋಲ್‌ಕೀಪರನ್ನು ಹುಡುಕಿಟ್ಟು ಕಾಕಾನಿಗೆ ಹೇಳಲು ಹೋದೆವು. ಅವನು ನಮ್ಮ ಮಾತು ಪೂರ್ತಿ ಕೇಳಿ, ಇಬ್ಬರಿಗೂ ಚಹಾ ಕುಡಿಸಿ ಕಳಿಸಿದ. ಶಿವರಾಯ ಗಂಗವ್ವನನ್ನು ಕರೆದುಕೊಂಡು ಮಾವನ ಮನೆಗೆ ಬಂದಿದ್ದು ಎಷ್ಟೋ ಮಳೆಗಾಲ ಆಡಿದ. ನಡುನಡುವೆ ಅಂಥದೇ ಗೋಲುಗಳನ್ನು ಬಿಟ್ಟುಕೊಟ್ಟ. ನಾನು ಇಷ್ಟು ವರ್ಷವೂ ಈ ಕಥೆಯನ್ನು, ತಂಡ ಹೇಗೆ ಕಟ್ಟಬಾರದು ಎಂಬುದಕ್ಕೆ ಉದಾಹರಣೆಯಾಗಿ ಚಹಾದಂಗಡಿಗಳಲ್ಲಿ ಹೇಳುತ್ತ ಬಂದವನು. ಮೊನ್ನೆಯೂ ಆ ಕಾಲೇಜು ಹುಡುಗರಿಗೆ, ಒಂಟಿಗಾಲಲ್ಲಿ ನಿಂತೇ, ಅದನ್ನೇ ಹೇಳಿದೆ.

"ಅಜ್ಜಾರ, ಅಂಥವನಿಗಿ ಯಾಕ ಇಟ್ಟುಕೊಂಡ್ರಿ?" ಎಂದು ಒಬ್ಬ ಕೇಳಿದ. "ಯಾವಾಗ್ಲೂ ಹಿಂಗೇ ಗೋಲ್ ಬಿಡ್ತಿದ್ನೇನ್ರಿ?"

ಹೌದು ಎನ್ನಲು ಬಾಯಿ ತೆರೆದೆ. ಅವನು ಬಿಟ್ಟುಕೊಟ್ಟ ಗೋಲುಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳತೊಡಗಿದೆ. ಪ್ರತಿಯೊಂದರಲ್ಲೂ ಮಾಳಿಗೆಯ ಮೇಲೆ ಗಂಗವ್ವ ಇದ್ದಳು, ಒಮ್ಮೆ ಒಬ್ಬಳೇ, ಒಮ್ಮೆ ಬಸುರಿ, ಒಮ್ಮೆ ಕಂಕುಳಲ್ಲಿ ಮಗು. ಅವಳು ಬಾರದ ದಿನ ಅವನು ಒಂದು ಚೆಂಡನ್ನಾದರೂ ಬಿಟ್ಟದ್ದು ನನಗೆ ನೆನಪಿಗೆ ಬರಲಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಎಣಿಸುತ್ತಿದ್ದ ಕಾಕಾನಿಗೆ ಇದು ತಿಳಿಯದೆ ಇದ್ದೀತೇ. ತಿಳಿದೂ, ಪ್ರತಿ ಮ್ಯಾಚಿನ ದಿನ ಅಂಗಡಿಯ ಬಾಗಿಲು ಹಾಕಿ ಹೊರಡುವ ಮುಂಚೆ ಮನೆಯೊಳಗೆ ಇಣುಕಿ, "ಗಂಗವ್ವಾ, ಮಳಿ ಬರಂಗ ಅದ, ಛತ್ರಿ ತಗೊಂಡು ಮಹಬೂಬನ ಮಾಳಗಿ ಏರವ್ವಾ," ಎಂದು ಹೇಳಿಯೇ ಹೋಗುತ್ತಿದ್ದ.

ಹುಡುಗರು ಇನ್ನೂ ನನ್ನ ಮುಖ ನೋಡುತ್ತಿದ್ದರು.

"ಇಲ್ಲಪಾ," ಅಂದೆ. "ನಮಗ ಮತ್ತ ಅಂಥಾ ಗೋಲ್‌ಕೀಪರ್ ಸಿಗಲಿಲ್ಲ."